ಅಪರೂಪದ ತಾಳೆ ಸಸಿ ಕೊಳ್ಳುವ ಮೊದಲು



ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಹೊಸ ಮನೆಗಳು ಏಳುತ್ತವೆ. ಮನೆ ಮುಗಿದೊಡನೆ ಅಂಗಳಕ್ಕೆ ಚೆಂದದ ತಾಳೆ ಜಾತಿಯ ನಾಲ್ಕು ಗಿಡ ಬೇಕೆಂಬ ಆಸೆಯೂ ಸಹಜವೇ. ಸಂಘಕ್ಕೆ ಗೊಬ್ಬರ ಕೇಳಲು ಬಂದವರು ಈಗೀಗ ‘ಬಾಟಲ್ ಪಾಮ್ ಎಲ್ಲಿ ಸಿಗುತ್ತದೆ?’ ಎಂದೂ ವಿಚಾರಿಸುತ್ತಾರೆ. ಈ ವಿಷಯದಲ್ಲಿ ಒಮ್ಮೆ ಮೋಸ ಹೋದವನಾದ್ದರಿಂದ ಎರಡು ಮಾತು ಬರೆಯುತ್ತಿದ್ದೇನೆ.

ಇಪ್ಪತ್ತು ವರ್ಷಗಳ ಹಿಂದೆ ಒಂದು ನರ್ಸರಿಯಿಂದ ಬಾಟಲ್ ಪಾಮ್ ಎಂದು ಆರು ಸಸಿ ತಂದು ಮನೆಯ ಮುಂದೆಯೇ ಸಾಲಾಗಿ ನೆಟ್ಟೆ. ಬುಡ ಉಬ್ಬಿದ್ದು ನೋಡಿ ಖುಷಿಯೂ ಪಟ್ಟೆ. ಬೆಳೆದದ್ದು ರಾಯಲ್ ಪಾಮ್! ಕ್ಯೂಬಾ ಮೊದಲಾದ ಕಡೆಯ ಆ ಮರ ಅರವತ್ತು ಎಂಬತ್ತು ಅಡಿ ಏರುವಂಥದು. ಅದರ ಸೋಗೆ ಹಾಳೆಸಮೇತ ಕಳಚಿ ಬಿದ್ದರೆ ಹೆಂಚು ಉಳಿಯುವುದಿಲ್ಲ. ಕೊನೆಗೆ ಮಾಡಿಗೆ ಹತ್ತಿರವಿದ್ದ ಎರಡನ್ನು ಹಗ್ಗ ಕಟ್ಟಿ ತುಂಡು ತುಂಡಾಗಿ ಇಳಿಸಬೇಕಾಯಿತು. ಸಸಿಯ ಬೆಲೆಗಿಂತ ಕಡಿಸಿದ ಕೂಲಿಯೇ ಎಷ್ಟೋ ಪಾಲು ಹೆಚ್ಚು. ಬಿ.ಎಸ್ಸಿ.ಗೆ ಸಸ್ಯಶಾಸ್ತ್ರ ಓದಿದವನಿಗೇ ಹೀಗಾಯಿತಲ್ಲ ಎಂದು ಮನೆಯವರು ಇಂದಿಗೂ ನಗುತ್ತಾರೆ.

ನಿಜವಾದ ಬಾಟಲ್ ಪಾಮ್ ಮಾರಿಷಸ್ಸಿಗೆ ಸೇರಿದ ರೌಂಡ್ ಐಲ್ಯಾಂಡ್ ಎಂಬ ಪುಟ್ಟ ದ್ವೀಪದ್ದು. ಕಾಡಿನಲ್ಲಿ ಅದು ಅಳಿವಿನಂಚಿಗೆ ಬಂದಿದೆ. ಬಲು ನಿಧಾನವಾಗಿ ಬೆಳೆಯುವ ಕುಳ್ಳ ಮರ; ತಲೆಯಲ್ಲಿ ನಾಲ್ಕರಿಂದ ಎಂಟು ಸೋಗೆ ಮಾತ್ರ. ಹಾಳೆಯ ಕೆಳಗೆ ಹಿಂಗಾರದ ಮೊಗ್ಗುಗಳು ಕೊಂಬಿನಂತೆ ಮೇಲಕ್ಕೆ ಚಾಚಿರುತ್ತವೆ. ಬಲಿತ ರಾಯಲ್ ಪಾಮಿನ ಗರಿಗಳಾದರೋ ದಿಂಡಿನ ಸುತ್ತ ಹಲವು ದಿಕ್ಕಿಗೆ ಚೆದುರಿ ಸೋಗೆ ಚಾಮರದಂತೆ ಕಾಣುತ್ತದೆ. ತೊಂದರೆಯೆಂದರೆ ಎಳೆಯ ರಾಯಲ್ ಪಾಮಿನ ಬುಡವೂ ಉಬ್ಬುತ್ತದೆ, ಚಾಮರದ ಲಕ್ಷಣ ಆಗಿನ್ನೂ ಮೂಡಿರುವುದಿಲ್ಲ. ಆದ್ದರಿಂದ ತಾಯಿಮರ ತೋರಿಸದವನಿಂದ ದುಬಾರಿ ಸಸಿ ಕೊಳ್ಳಬೇಡಿ.

ಇನ್ನೊಂದು ಗುರುತು ಗರಿಯ ಮಡಿಕೆಯದು. ಅಡಿಕೆಯ ಒಂದು ಗರಿಯನ್ನು ದಿಂಡಿಗೆ ಸೇರುವಲ್ಲಿ ಅಡ್ಡ ಕತ್ತರಿಸಿ ನೋಡಿ. ಮನೆಯ ಮಾಡಿನಂತೆ ಕೆಳಕ್ಕೆ ಇಳಿದಿರುತ್ತದೆ. ತೆಂಗು, ರಾಯಲ್, ಬಾಟಲ್ ಎಲ್ಲವೂ ಹಾಗೆಯೇ. ಈಚಲು ಮತ್ತು ಬೈನೆಯಲ್ಲಿ ಅದು ದೋಣಿಯಂತೆ ಮೇಲಕ್ಕೆ ತೆರೆದಿರುತ್ತದೆ. ಒಬ್ಬ ಸದಸ್ಯರು ವಿದೇಶಿ ತಳಿಯೆಂದು ಭಾರಿ ಬೆಲೆಗೆ ತಂದ ಸಸಿಯ ಗರಿ ದೋಣಿಯಂತಿತ್ತು, ಬುಡದ ಗರಿಗಳು ಮುಳ್ಳಾಗಿದ್ದವು. ಈಚಲು ಗುಡ್ಡದ ಮೇಲೆ ಪುಕ್ಕಟೆ ಸಿಗುತ್ತಿತ್ತು!

ಕೆಂಪು ಹಾಳೆಯ ಲಿಪ್‌ಸ್ಟಿಕ್ ಪಾಮಿಗೂ ಬೇಡಿಕೆ ಇದೆ. ಮಲಯ, ಸುಮಾತ್ರಾ, ಬೋರ್ನಿಯೋಗಳ ಜವುಗು ಕಾಡಿನ ಗಿಡ ಅದು. ಘಟ್ಟದ ಮೇಲಿನ ಪುಷ್ಯಮಾಸದ ಚಳಿ ಅದಕ್ಕೆ ಹಿಡಿಸುವುದಿಲ್ಲ. ಕರಾವಳಿಯವರು ಪ್ರಯತ್ನಿಸಬಹುದು.

ಬೀಜ ತರಿಸುವವರು ಒಂದನ್ನು ನೆನಪಿಡಬೇಕು. ಈ ಜಾತಿಗಳಲ್ಲಿ ಹೆಚ್ಚಿನವುಗಳ ಬೀಜ ನಮ್ಮ ಬಿತ್ತನೆ ಅಡಿಕೆಯಂತೆಯೇ ಒಣಗಿದರೆ ಸಾಯುತ್ತದೆ. ತೇವದ ತೆಂಗಿನ ನಾರಿನ ಪುಡಿಯಲ್ಲಿ ಕಟ್ಟಿಸಿ ತರಿಸಿ, ಬಂದ ದಿನವೇ ಮರಳಿನ ಮಡಿಗೆ ಹಾಕಬೇಕು. ವಿದೇಶಕ್ಕೆ ಹೋದವರು ಜೇಬಿನಲ್ಲಿಟ್ಟು ತರುವ ಅಭ್ಯಾಸ ಮಾತ್ರ ಬೇಡ. 2003ರ ಸಸ್ಯ ಸಂಪರ್ಕನಿಷೇಧ ಆದೇಶದ ಪ್ರಕಾರ ಬೀಜವಾಗಲಿ ಸಸಿಯಾಗಲಿ ಆಮದು ಪರವಾನಗಿ ಮತ್ತು ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಇದು ಬರೀ ಕಾಗದದ ಕಾಟವಲ್ಲ. ಮಧ್ಯ ಅಮೆರಿಕದ ಕಡೆಯ ಸುರುಳಿ ಬಿಳಿನೊಣ 2016ರಲ್ಲಿ ಪೊಳ್ಳಾಚಿಯ ತೆಂಗಿನಲ್ಲಿ ಕಾಣಿಸಿಕೊಂಡು ಎಷ್ಟು ಬೇಗ ಹಬ್ಬಿತೆಂಬುದನ್ನು ಕಂಡಿದ್ದೇವೆ. ಅಂಗಳದ ಶೋಕಿಗೆ ತಂದ ಗಿಡದ ಕೀಟ ಬೇಲಿ ದಾಟಿ ತೋಟಕ್ಕೆ ಇಳಿಯಲು ಎಷ್ಟು ಹೊತ್ತು? ಊರಿನ ನರ್ಸರಿಯಿಂದಲೇ ತಂದರೂ ಒಂದೆರಡು ತಿಂಗಳು ತೋಟದಿಂದ ದೂರವಿಟ್ಟು, ಎಲೆಯ ಅಡಿಭಾಗ ನೋಡುತ್ತಿರಿ.

ನನ್ನನ್ನು ಕೇಳಿದರೆ ನೆರಳಿನ ಮೂಲೆಗೆ ನಮ್ಮ ಕಾಡಡಿಕೆಯೇ ಸಾಕು. ಪಶ್ಚಿಮಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ, ಗುಂಪಾಗಿ ಬೆಳೆಯುವ ಸಪೂರ ಕಾಂಡದ ಗಿಡ. ಕಾಡಿನಿಂದ ಕಿತ್ತು ತರಬೇಡಿ, ಅದು ಅಪರಾಧ. ಬೆಳೆಸಿದವರಲ್ಲಿ ಹಣ್ಣು ಕೇಳಿ ಪಡೆಯಿರಿ.

ರಾಯಲ್ ಪಾಮ್ ಗುರುತು ಮಾಡಿಕೊಳ್ಳಬೇಕೆನ್ನುವವರು ನಮ್ಮ ಮನೆಗೆ ಬರಬಹುದು, ಇನ್ನೂ ನಾಲ್ಕು ಉಳಿದಿವೆ. ಗಾಳಿ ಇಲ್ಲದ ದಿನ ಬನ್ನಿ.

— ಕಾರ್ಯದರ್ಶಿ