ಕೋಶ ಒಡೆಯಲು ಅಪ್ಪಣೆ ಕೊಡುವವರು ಯಾರು?

ಪ್ರಶ್ನೆ: ಎರಡು ಜೀವಕೋಶಗಳನ್ನು ಬೆಸೆದು, ಕೋಶ ವಿಭಜನೆಯನ್ನು ಹತೋಟಿಯಲ್ಲಿಡುವ ಜೀನ್‌ಗಳನ್ನು ಅಧ್ಯಯನ ಮಾಡುತ್ತಾರಂತೆ. ಬೆಸೆದರೆ ಗೊತ್ತಾಗುವುದೇನು? ನಮ್ಮದು ಹೊಗೆಸೊಪ್ಪು ಬೆಳೆಯುವ ಮನೆ, ಅರ್ಥವಾಗುವ ಹಾಗೆ ತಿಳಿಸಿ.
– ಓದುಗರು, ಪಿರಿಯಾಪಟ್ಟಣ

ಉತ್ತರ: ಹೊಗೆಸೊಪ್ಪಿನಿಂದಲೇ ಶುರು ಮಾಡೋಣ. ಈ ಸಂಶೋಧನೆಯಲ್ಲಿ ಅದರ ಪಾಲು ದೊಡ್ಡದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಲ್ಲೇ ಆಗಲಿ, ಗಿಡ ಮೊಗ್ಗು ಬಿಟ್ಟಾಗ ತುದಿ ಮುರಿಯುತ್ತೀರಿ. ಮುರಿದ ಕೆಲವೇ ದಿನಕ್ಕೆ ಎಲೆಗಳ ಕಂಕುಳಲ್ಲಿ ಚಿಗುರೊಡೆಯುತ್ತದೆ, ಅದನ್ನೂ ಕೀಳಬೇಕು. ಅಷ್ಟು ದಿನ ಸುಮ್ಮನಿದ್ದ ಕೋಶಗಳು ಆಗಲೇ ಏಕೆ ಒಡೆಯತೊಡಗಿದವು? ತುದಿಯಿಂದ ಇಳಿದು ಬರುತ್ತಿದ್ದ ಆಕ್ಸಿನ್ ಹಾರ್ಮೋನು ನಿಂತು, ಅವಕ್ಕಿದ್ದ ತಡೆ ಸಡಿಲವಾಯಿತು.

ಇದು ಹೊರಗಿನಿಂದ ಬರುವ ಸುದ್ದಿ. ಕೋಶದೊಳಗಿನ ಅಪ್ಪಣೆ ಎಲ್ಲಿದೆ ಎಂದು ತೋರಿಸಿದ್ದು ಬೆಸೆದ ಕೋಶಗಳು. 1970ರಲ್ಲಿ ಪೋಟು ಎನ್. ರಾವ್ ಮತ್ತು ರಾಬರ್ಟ್ ಜಾನ್ಸನ್, ಬೇರೆ ಬೇರೆ ಹಂತದಲ್ಲಿದ್ದ ಮನುಷ್ಯ ಕೋಶಗಳನ್ನು ಸೆಂಡಾಯ್ ವೈರಸ್ಸಿನ ನೆರವಿನಿಂದ ಬೆಸೆದರು. ಡಿಎನ್‌ಎ ನಕಲು ಮಾಡುತ್ತಿದ್ದ ಕೋಶದೊಡನೆ ಸೇರಿದಾಗ, ಆ ಹಂತಕ್ಕಿನ್ನೂ ಬಾರದ ನ್ಯೂಕ್ಲಿಯಸ್ಸೂ ಅವಧಿಗೆ ಮೊದಲೇ ನಕಲು ಆರಂಭಿಸಿತು. ನಕಲು ಮುಗಿಸಿದ್ದ ನ್ಯೂಕ್ಲಿಯಸ್ ಮಾತ್ರ ಮತ್ತೆ ಕೈಹಾಕಲಿಲ್ಲ. ಒಡೆಯುತ್ತಿದ್ದ ಕೋಶಕ್ಕೆ ಬೆಸೆದರಂತೂ ಜೊತೆಗಾರನ ಕ್ರೋಮೋಸೋಮುಗಳು ಅಕಾಲದಲ್ಲೇ ಮುದುರಿದವು. ಅಂದರೆ ಅಪ್ಪಣೆ ಕೋಶರಸದಲ್ಲಿ ಓಡಾಡುವ ವಸ್ತುವಿನಿಂದ ಬರುತ್ತದೆ, ಅದನ್ನು ಪಾಲಿಸುವ ಅರ್ಹತೆ ನ್ಯೂಕ್ಲಿಯಸ್ಸಿಗೂ ಇರಬೇಕು. ನನ್ನ ಮಟ್ಟಿಗೆ ಇದು ಜೀವಶಾಸ್ತ್ರದ ಅತಿ ಸುಂದರ ಪ್ರಯೋಗಗಳಲ್ಲೊಂದು. ಆ ವಸ್ತುಗಳನ್ನೂ ಅವುಗಳ ಜೀನ್‌ಗಳನ್ನೂ ಮುಂದೆ ಗುರುತಿಸಿದ ಹಾರ್ಟ್‌ವೆಲ್, ಹಂಟ್, ನರ್ಸ್ 2001ರಲ್ಲಿ ನೊಬೆಲ್ ಪಡೆದರು.

ಹೊಗೆಸೊಪ್ಪಿನ ನೆಂಟರು ಹೇಳಿದ ಕಥೆ ಇನ್ನೂ ವಿಚಿತ್ರ. ನಿಕೋಟಿಯಾನ ಗ್ಲಾಕ ಮತ್ತು ನಿಕೋಟಿಯಾನ ಲ್ಯಾಂಗ್ಸ್‌ಡಾರ್ಫಿ ಎರಡೂ ಆರೋಗ್ಯವಂತ ಗಿಡಗಳು. ಆದರೆ ಅವುಗಳ ಮಿಶ್ರತಳಿಯಲ್ಲಿ ರೋಗಾಣುವಿನ ಸೋಂಕಿಲ್ಲದೆಯೇ ಗಂಟುಗಂಟಾಗಿ ಗೆಡ್ಡೆಗಳು ಏಳುತ್ತವೆ. ಕಾಂಡಕ್ಕೆ ಗಾಯವಾದರೆ ಇನ್ನೂ ಹೆಚ್ಚು. ಇದನ್ನು 1930ರಲ್ಲೇ ಕೋಸ್ಟಾಫ್ ವರದಿ ಮಾಡಿದ್ದರು. ತಂದೆತಾಯಿ ಗಿಡಗಳ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಲು ಹಾರ್ಮೋನು ಹಾಕಬೇಕು, ಬೆರಕೆಯ ಕೋಶಗಳಿಗೆ ಬೇಡ. 1972ರಲ್ಲಿ ಅಮೆರಿಕದ ಕಾರ್ಲ್‌ಸನ್ ಮತ್ತು ಸಂಗಡಿಗರು ಇದೇ ಗುಣವನ್ನು ಜರಡಿಯಾಗಿಸಿಕೊಂಡು, ಇವೆರಡರ ಎಲೆಕೋಶಗಳನ್ನೇ ಬೆಸೆದು ಇಡೀ ಗಿಡವನ್ನು ಬೆಳೆಸಿದರು. 24 ಮತ್ತು 18 ಸೇರಿ ಅದರಲ್ಲಿ 42 ಕ್ರೋಮೋಸೋಮುಗಳಿದ್ದವು.

ಹಾಗೆಂದು ಬೆರಕೆಯೆಲ್ಲ ಗೆಡ್ಡೆಗೆ ದಾರಿ ಎಂದು ತಿಳಿಯಬೇಡಿ. ನಿಮ್ಮ ಹೊಲದ ಹೊಗೆಸೊಪ್ಪೇ ಎರಡು ಕಾಡು ಜಾತಿಗಳ ಹಳೆಯ ಬೆರಕೆ. 24 ಮತ್ತು 24 ಸೇರಿ 48 ಕ್ರೋಮೋಸೋಮು, ಆದರೂ ಹತೋಟಿ ತಪ್ಪದೆ ಬೆಳೆಯುತ್ತಿದೆ.