ಕೆಟ್ಟ ಕಂಪ್ಯೂಟರಿನಿಂದ ಲೆಕ್ಕಪತ್ರಗಳನ್ನು ಹೊರತೆಗೆಯುವ ಕ್ರಮ



ತೋಟದ ಲೆಕ್ಕವನ್ನು ನಮ್ಮ ಹಿರಿಯರು ಕೆಂಪು ರಟ್ಟಿನ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಈಗ ನಮ್ಮಲ್ಲಿ ಅನೇಕರ ಮನೆಯಲ್ಲಿ ಆ ಕೆಲಸ ಕಂಪ್ಯೂಟರಿಗೆ ಬಂದಿದೆ. ಸಸಿ ನೆಟ್ಟ ವರ್ಷ, ಕೂಲಿ ಬಟವಾಡೆ, ಗೊಬ್ಬರದ ಬಿಲ್ಲು, ಸಾಲದ ಕಂತು, ಮಕ್ಕಳ ಮದುವೆಯ ಫೋಟೋ ಎಲ್ಲವೂ ಅದರೊಳಗೇ ಇರುತ್ತವೆ. ಹೀಗಿರುವಾಗ ಒಂದು ದಿನ ಗುಂಡಿ ಒತ್ತಿದರೆ ಯಂತ್ರ ಮಿಸುಕುವುದಿಲ್ಲ. ಆಗ ಬಹಳ ಮಂದಿ ಎಲ್ಲವೂ ಹೋಯಿತೆಂದು ಕೈಚೆಲ್ಲಿ ಯಂತ್ರವನ್ನು ಗುಜರಿಗೆ ಹಾಕುತ್ತಾರೆ. ಹಾಗೆ ಮಾಡಬೇಕಾಗಿಲ್ಲ. ಕಂಪ್ಯೂಟರು ಸತ್ತರೂ ಅದರೊಳಗಿನ ಲೆಕ್ಕ ಸಾಮಾನ್ಯವಾಗಿ ಬದುಕಿರುತ್ತದೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಯಾವುದು ಮತ್ತೆ ಸಿಗುತ್ತದೆ, ಯಾವುದು ಸಿಗುವುದಿಲ್ಲ?

ಪಹಣಿಯನ್ನು ಭೂಮಿ ವ್ಯವಸ್ಥೆಯಿಂದ ಮತ್ತೆ ಪಡೆಯಬಹುದು. ಬ್ಯಾಂಕಿನ ಲೆಕ್ಕವನ್ನು ಬ್ಯಾಂಕು ಕೊಡುತ್ತದೆ. ಆಧಾರ್ ಮತ್ತೆ ಮುದ್ರಿಸಿಕೊಳ್ಳಬಹುದು. ಆದರೆ ಚಿಂತಾಮಣಿ, ಶಿಡ್ಲಘಟ್ಟದ ಕಡೆ ಸಾವಿರ ಅಡಿ ದಾಟಿದ ಕೊಳವೆಬಾವಿಯಲ್ಲಿ ಯಾವ ಆಳಕ್ಕೆ ನೀರು ಬಂತು, ಮೋಟಾರನ್ನು ಎಷ್ಟು ಅಡಿಗೆ ಇಳಿಸಿದ್ದೇವೆ, ಹಿಂದೆ ಯಾವ ಮೂಲೆಯಲ್ಲಿ ಕೊರೆಸಿ ವಿಫಲವಾಯಿತು ಎಂಬುದು ಬಹುಮಟ್ಟಿಗೆ ನಾವು ಬರೆದಿಟ್ಟಲ್ಲಿ ಮಾತ್ರ ಇರುತ್ತದೆ. ಕೈಸಾಲದ ಪಟ್ಟಿ, ಕೂಲಿಯವರಿಗೆ ಕೊಟ್ಟ ಮುಂಗಡ, ಅಣ್ಣತಮ್ಮಂದಿರ ನಡುವಿನ ಖರ್ಚಿನ ಲೆಕ್ಕ ಇವೂ ಹಾಗೆಯೇ. ಆದುದರಿಂದ ಹುಡುಕಲು ಕೂರುವ ಮೊದಲು, ಬೇರೆಲ್ಲೂ ಸಿಗದವು ಯಾವುವೆಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮೊದಲು ತೆಗೆಯಬೇಕಾದವು ಅವೇ.

ಕೆಟ್ಟಿರುವುದು ಯಾವ ಭಾಗ?

ಕಂಪ್ಯೂಟರು ಒಂದೇ ವಸ್ತುವಲ್ಲ. ಕರೆಂಟು ಕೊಡುವ ಎಸ್.ಎಂ.ಪಿ.ಎಸ್., ಮದರ್ ಬೋರ್ಡ್, ರ‍್ಯಾಮ್, ಪರದೆ, ಹಾರ್ಡ್ ಡಿಸ್ಕ್ ಇವೆಲ್ಲ ಬೇರೆಬೇರೆ ಭಾಗಗಳು. ನಮ್ಮ ಫೈಲುಗಳೆಲ್ಲ ಇರುವುದು ಹಾರ್ಡ್ ಡಿಸ್ಕಿನಲ್ಲಿ ಮಾತ್ರ. ಮನೆಯ ಮಾಳಿಗೆ ಕುಸಿದರೂ ಒಳಗಿನ ಕಬ್ಬಿಣದ ಪೆಟ್ಟಿಗೆಯಲ್ಲಿ ಕ್ರಯಪತ್ರ ಹಾಗೆಯೇ ಇರುವಂತೆ, ಉಳಿದ ಭಾಗಗಳು ಸುಟ್ಟರೂ ಡಿಸ್ಕು ಚೆನ್ನಾಗಿರಬಹುದು.

ಹಳ್ಳಿಯ ವೋಲ್ಟೇಜ್ ಏರಿಳಿತ, ಬೇಸಿಗೆಯ ಗುಡುಗುಮಳೆಯ ಸಿಡಿಲು, ಧೂಳು, ಇರುವೆ ಇವುಗಳಿಂದ ಹೆಚ್ಚಾಗಿ ಹಾಳಾಗುವುದು ಎಸ್.ಎಂ.ಪಿ.ಎಸ್. ಮತ್ತು ಮದರ್ ಬೋರ್ಡ್. ಲಕ್ಷಣಗಳನ್ನು ಹೀಗೆ ಗುರುತಿಸಬಹುದು:

1. ದೀಪವಿಲ್ಲ, ಫ್ಯಾನು ತಿರುಗುವುದಿಲ್ಲ: ಎಸ್.ಎಂ.ಪಿ.ಎಸ್. ಅಥವಾ ಬೋರ್ಡಿನ ದೋಷವಿರಬೇಕು. ಲ್ಯಾಪ್‌ಟಾಪ್ ಆದರೆ ಮೊದಲು ಚಾರ್ಜರನ್ನು ಬದಲಿಸಿ ನೋಡಿ.

2. ಫ್ಯಾನು ತಿರುಗುತ್ತದೆ, ಪರದೆ ಕಪ್ಪಾಗಿದೆ: ಬೇರೆ ಪರದೆಗೆ ಜೋಡಿಸಿ ನೋಡಿ. ಅದರಲ್ಲೂ ಬಾರದಿದ್ದರೆ, ಪ್ಲಗ್ ಕಿತ್ತು, ರ‍್ಯಾಮ್ ಪಟ್ಟಿಯನ್ನು ಹೊರತೆಗೆದು, ಅದರ ಹಿತ್ತಾಳೆ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಒರೆಸಿ ಮತ್ತೆ ಕೂರಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ.

3. ಯಂತ್ರ ಶುರುವಾಗುತ್ತದೆ, ವಿಂಡೋಸ್ ಮಾತ್ರ ತೆರೆಯುವುದಿಲ್ಲ: ಇಲ್ಲಿ ಫೈಲುಗಳು ಉಳಿದಿರುವ ಸಂಭವ ಹೆಚ್ಚು.

4. ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತದೆ: ಡಿಸ್ಕಿಗೇ ಪೆಟ್ಟಾಗಿದೆ. ಕೂಡಲೇ ಆರಿಸಿ. ಪದೇ ಪದೇ ಹಾಕಿ ನೋಡಬಾರದು.

ಮಾಡಬಾರದ ಕೆಲಸಗಳು

ಕೆಟ್ಟ ಯಂತ್ರಕ್ಕಿಂತ ಅವಸರದ ರಿಪೇರಿಯಿಂದಲೇ ಹೆಚ್ಚು ನಷ್ಟವಾಗುತ್ತದೆ. ಫೈಲುಗಳು ಹೊರಬರುವವರೆಗೆ ವಿಂಡೋಸನ್ನು ಹೊಸದಾಗಿ ಹಾಕಲು ಒಪ್ಪಬೇಡಿ. ಹಳೆಯ ಡಿಸ್ಕನ್ನು ಜೋಡಿಸಿದಾಗ 'ಫಾರ್ಮ್ಯಾಟ್ ಮಾಡಬೇಕೆ?' ಎಂದು ಕೇಳಿದರೆ 'ಬೇಡ' ಎನ್ನಿ. ಉಳಿಸಿಕೊಂಡ ಫೈಲುಗಳನ್ನು ಅದೇ ಡಿಸ್ಕಿನ ಮೇಲೆ ಮತ್ತೆ ಬರೆಯಬೇಡಿ. ಡಿಸ್ಕಿನ ಮುಚ್ಚಳವನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ಒಂದು ಕಣ ಧೂಳು ಒಳಹೊಕ್ಕರೂ ತಟ್ಟೆ ಹಾಳಾಗುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಮಾತನ್ನು ನಂಬಬೇಡಿ. ತೇವ ಕಟ್ಟಿ ಇನ್ನಷ್ಟು ಕೆಡುತ್ತದೆ.

ಹೊರತೆಗೆಯುವ ಎರಡು ದಾರಿಗಳು

ಮೊದಲನೆಯ ದಾರಿ: ಯಂತ್ರ ಶುರುವಾಗಿ ವಿಂಡೋಸ್ ಮಾತ್ರ ಕೆಟ್ಟಿದ್ದರೆ, ಉಬುಂಟು ಮುಂತಾದ ಲಿನಕ್ಸ್ ವ್ಯವಸ್ಥೆಯನ್ನು ತುಂಬಿದ ಪೆನ್ ಡ್ರೈವಿನಿಂದ ಅದನ್ನು ಎಬ್ಬಿಸಬಹುದು. ಇದಕ್ಕೆ ಹಣ ಕೊಡಬೇಕಾಗಿಲ್ಲ. ಕಾಲೇಜಿಗೆ ಹೋಗುವ ಹುಡುಗರಲ್ಲಿ ಅನೇಕರಿಗೆ ಇದು ಗೊತ್ತಿರುತ್ತದೆ. ಪರದೆಯಲ್ಲಿ 'ಟ್ರೈ' ಎಂಬುದನ್ನು ಆರಿಸಬೇಕು, 'ಇನ್‌ಸ್ಟಾಲ್' ಒತ್ತಬಾರದು. ಅನಂತರ ಫೈಲುಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಿ.

ಎರಡನೆಯ ದಾರಿ: ಯಂತ್ರವೇ ಏಳದಿದ್ದರೆ, ಪ್ಲಗ್ ಕಿತ್ತು, ಲ್ಯಾಪ್‌ಟಾಪ್ ಆದರೆ ಬ್ಯಾಟರಿಯನ್ನೂ ಬೇರ್ಪಡಿಸಿ, ಡಿಸ್ಕನ್ನು ಹೊರತೆಗೆದು ಬೇರೊಂದು ಕಂಪ್ಯೂಟರಿಗೆ ಯು.ಎಸ್.ಬಿ. ಅಡಾಪ್ಟರಿನ ಮೂಲಕ ಜೋಡಿಸಬೇಕು. ಅಡಾಪ್ಟರು ಡಿಸ್ಕಿನ ಜಾತಿಗೆ ತಕ್ಕದ್ದಾಗಿರಲಿ. ಅಗಲವಾದ ಪಟ್ಟಿ ಕೇಬಲಿನ, 40 ಮೊಳೆಗಳ ಹಳೆಯ ಡಿಸ್ಕು ಐ.ಡಿ.ಇ.; ಅನಂತರ ಬಂದದ್ದು ಸಾಟಾ; ಹೊಸ ಲ್ಯಾಪ್‌ಟಾಪಿನ ಪಟ್ಟಿಯಂಥ ಸಣ್ಣ ಹಲಗೆ ಎಂ.2. ಲ್ಯಾಪ್‌ಟಾಪಿನ 2.5 ಇಂಚಿನ ಡಿಸ್ಕಿಗೆ ಯು.ಎಸ್.ಬಿ. ಕರೆಂಟೇ ಸಾಮಾನ್ಯವಾಗಿ ಸಾಕು; ಮೇಜಿನ ಕಂಪ್ಯೂಟರಿನ 3.5 ಇಂಚಿನ ಡಿಸ್ಕಿಗೆ 12 ವೋಲ್ಟಿನ ಪ್ರತ್ಯೇಕ ಕರೆಂಟು ಬೇಕು. ನಿಮ್ಮ ಪಟ್ಟಣದಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ದೊರೆಯುತ್ತದೆ. ಡಿಸ್ಕನ್ನೇ ಒಯ್ದು ತೋರಿಸಿ ಕೊಳ್ಳುವುದು ಮೇಲು.

ಎಲ್ಲಿ ಹುಡುಕಬೇಕು?

ಜೋಡಿಸಿದ ಡಿಸ್ಕು ಹೊಸ ಅಕ್ಷರದ ಡ್ರೈವಾಗಿ ಕಾಣುತ್ತದೆ. ಅದರಲ್ಲಿ 'ಯೂಸರ್ಸ್' ಫೋಲ್ಡರಿನೊಳಗೆ ನಿಮ್ಮ ಹೆಸರು, ಅದರೊಳಗೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಇರುತ್ತವೆ. ವಿಂಡೋಸ್ ಎಕ್ಸ್‌ಪಿ ಕಾಲದ ಯಂತ್ರವಾದರೆ 'ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್' ಎಂಬಲ್ಲಿ ನೋಡಿ. ಅನುಮತಿ ಕೇಳಿದರೆ 'ಕಂಟಿನ್ಯೂ' ಒತ್ತಿ ಕಾಯಿರಿ.

ಟ್ಯಾಲಿಯಲ್ಲಿ ಲೆಕ್ಕ ಇಟ್ಟವರು ಟ್ಯಾಲಿಯ 'ಡೇಟಾ' ಫೋಲ್ಡರಿನಲ್ಲಿ 10000 ಎಂಬಂಥ ಅಂಕಿಗಳ ಹೆಸರಿನ ಫೋಲ್ಡರನ್ನು ಇಡಿಯಾಗಿ ನಕಲು ಮಾಡಬೇಕು. ಒಂದೆರಡು ಫೈಲು ಆರಿಸಿ ತಂದರೆ ಲೆಕ್ಕ ತೆರೆಯುವುದಿಲ್ಲ.

ಇನ್ನೊಂದು ಸೂಚನೆ: ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೂ ಹಿಂದಿನ ಅರ್ಜಿ, ಪತ್ರಗಳಲ್ಲಿ ಕೋಲಾರ ಜಿಲ್ಲೆ ಎಂದಿರುತ್ತದೆ. ಹೆಸರು ಹಿಡಿದು ಹುಡುಕುವಾಗ ಕೋಲಾರವನ್ನೂ ಹಾಕಿ ನೋಡಿ.

ಹಳೆಯ ಕನ್ನಡ ಫೈಲುಗಳು

ಇದು ನಮ್ಮವರಿಗೇ ವಿಶೇಷವಾಗಿ ಎದುರಾಗುವ ತೊಡಕು. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಸರ್ಕಾರಿ ಕಚೇರಿಗಳಲ್ಲೆಲ್ಲ ಹರಡಿತು. ಆ ಕಾಲದ ಫೈಲುಗಳಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಫಾಂಟು ಅದಕ್ಕೆ ಕನ್ನಡದ ರೂಪ ತೊಡಿಸುತ್ತಿತ್ತು. ಫಾಂಟಿಲ್ಲದ ಹೊಸ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ.

ನಮ್ಮ ಸದಸ್ಯರೊಬ್ಬರು ತೀರಿಕೊಂಡ ಮೇಲೆ ಅವರ ಮನೆಯಾಕೆ ಕೆಟ್ಟ ಕಂಪ್ಯೂಟರಿನ ಡಿಸ್ಕನ್ನು ಸಂಘದ ಕಚೇರಿಗೆ ತಂದರು. ಫೈಲುಗಳಿಗೆ ವೈರಸ್ ಹಿಡಿದಿದೆ, ಎಲ್ಲ ಅಳಿಸಿಬಿಡಿ ಎಂದು ಯಾರೋ ಅವರಿಗೆ ಹೇಳಿದ್ದರು. ನುಡಿ ಫಾಂಟು ಹಾಕಿದೊಡನೆ ಆ ಸಾಲುಗಳೆಲ್ಲ ಕೈಸಾಲದ ಮತ್ತು ಕೂಲಿ ಮುಂಗಡದ ಪಟ್ಟಿಯಾಗಿ ನಿಂತವು. ಬರಬೇಕಾದದ್ದೂ ತಿಳಿಯಿತು, ಕೊಡಬೇಕಾದದ್ದೂ ತಿಳಿಯಿತು. ಕೂಲಿಯವರಿಬ್ಬರಿಗೆ ಸಲ್ಲಬೇಕಾದ ಬಾಕಿಯನ್ನು ಆ ತಾಯಿ ಮೊದಲು ತೀರಿಸಿದರು. ಫೈಲು ಅಳಿಸಿದ್ದರೆ ಆ ಬಾಕಿಗೆ ಸಾಕ್ಷಿಯೇ ಇರುತ್ತಿರಲಿಲ್ಲ.

ಆದಕಾರಣ ಹಳೆಯ ಡಿಸ್ಕಿನಿಂದ 'ವಿಂಡೋಸ್' ಒಳಗಿನ 'ಫಾಂಟ್ಸ್' ಫೋಲ್ಡರನ್ನೂ ನಕಲು ಮಾಡಿಕೊಳ್ಳಿ. ಫೈಲು ಓದಲು ಬಂದ ಮೇಲೆ ಪರಿವರ್ತಕದಿಂದ ಯೂನಿಕೋಡಿಗೆ ಬದಲಾಯಿಸಿ. ಆಗ ಮೊಬೈಲಿನಲ್ಲೂ ಓದಬಹುದು. ಪರಿವರ್ತನೆಯಲ್ಲಿ ಒತ್ತಕ್ಷರ, ನಡುವೆ ಬಂದ ಇಂಗ್ಲಿಷ್ ಪದಗಳು ಕೆಡುವುದುಂಟು. ಸರ್ವೆ ನಂಬರು, ಹಣದ ಮೊತ್ತಗಳನ್ನು ಮೂಲದೊಡನೆ ತಾಳೆ ನೋಡಿ. ಮೂಲವನ್ನು ಅಳಿಸಬೇಡಿ.

ಬೀಗ ಬಿದ್ದ ಡಿಸ್ಕು, ಪೆಟ್ಟಾದ ಡಿಸ್ಕು

ಹೊಸ ಲ್ಯಾಪ್‌ಟಾಪುಗಳಲ್ಲಿ, ಅದರಲ್ಲೂ ವಿಂಡೋಸ್ 11 ಇರುವವುಗಳಲ್ಲಿ, ಡಿಸ್ಕಿಗೆ ಬಿಟ್‌ಲಾಕರ್ ಬೀಗ ತಾನಾಗಿಯೇ ಬಿದ್ದಿರಬಹುದು. ಅಂಥ ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿದರೆ 48 ಅಂಕಿಗಳ ಕೀಲಿ ಕೇಳುತ್ತದೆ. ಕೀಲಿ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಅದಿಲ್ಲದೆ ಯಾವ ನಿಪುಣನೂ ತೆರೆಯಲಾರ. ಯಂತ್ರ ಸರಿಯಿರುವಾಗಲೇ ಅದನ್ನು ಕಾಗದದ ಮೇಲೆ ಬರೆದು ಪತ್ರಗಳ ಪೆಟ್ಟಿಗೆಯಲ್ಲಿಡಿ. ಮನೆಯಲ್ಲಿ ಇನ್ನೊಬ್ಬರಿಗೂ ಅದು ಗೊತ್ತಿರಲಿ.

ಟಕ್ ಟಕ್ ಎನ್ನುವ ಡಿಸ್ಕನ್ನು, ನೀರು ಬಿದ್ದದ್ದನ್ನು, ಸುಟ್ಟದ್ದನ್ನು ಮನೆಯಲ್ಲಿ ಮುಟ್ಟದೆ, ಧೂಳಿಲ್ಲದ ಕೋಣೆಯುಳ್ಳ ಡೇಟಾ ರಿಕವರಿ ಪ್ರಯೋಗಾಲಯಕ್ಕೆ ಕೊಡಬೇಕು. ಖರ್ಚು ಹೆಚ್ಚು, ಫಲ ಖಚಿತವಲ್ಲ. ಮೊದಲೇ ಅಂದಾಜನ್ನು ಬರಹದಲ್ಲಿ ಪಡೆಯಿರಿ. ಮೊದಲು ಬರೆದುಕೊಂಡ ಚೀಟಿಯನ್ನು ಆಗ ತೆಗೆದು ನೋಡಿ. ಅದರಲ್ಲಿರುವುದು ಆ ಖರ್ಚಿಗೆ ತಕ್ಕುದೇ ಎಂಬುದನ್ನು ನೀವೇ ತೀರ್ಮಾನಿಸಬಹುದು. ತಿರುಗುವ ತಟ್ಟೆಯಿಲ್ಲದ ಎಸ್.ಎಸ್.ಡಿ. ಡಿಸ್ಕು ಸದ್ದಿಲ್ಲದೆ, ಮುನ್ಸೂಚನೆಯಿಲ್ಲದೆ ನಿಲ್ಲಬಹುದು. ಅದರಲ್ಲಿ ಅಳಿಸಿದ ಫೈಲು ಮರಳಿ ಸಿಗುವುದೂ ಅಪರೂಪ.

ಮುಂದಿನ ಎಚ್ಚರ

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಪ್ರಯೋಜನವಿಲ್ಲ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬ ಸೂತ್ರವನ್ನು ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಪ್ರಚಾರಕ್ಕೆ ತಂದರು. ನಮಗೂ ಅದು ಒಪ್ಪುವ ಮಾತು. ಒಂದು ಪ್ರತಿ ಕಂಪ್ಯೂಟರಿನಲ್ಲಿ, ಇನ್ನೊಂದು ಹೊರಗಿನ ಡಿಸ್ಕಿನಲ್ಲಿ, ಮತ್ತೊಂದು ಗೂಗಲ್ ಡ್ರೈವಿನಂಥ ಕಡೆ ಅಥವಾ ಪಟ್ಟಣದಲ್ಲಿರುವ ಮಗಳ ಮನೆಯಲ್ಲಿ ಇರಲಿ. ಹೊರಗಿನ ಡಿಸ್ಕನ್ನು ಸದಾ ಜೋಡಿಸಿಟ್ಟರೆ ಅದೇ ಸಿಡಿಲು ಅದಕ್ಕೂ ತಾಗುತ್ತದೆ. ನಕಲು ಮುಗಿದ ಮೇಲೆ ಕಿತ್ತಿಡಿ. ಕೊಳವೆಬಾವಿಯ ವಿವರ, ಕೈಸಾಲದ ಪಟ್ಟಿ ಇವೆರಡನ್ನು ಮುದ್ರಿಸಿಯೂ ಇಡತಕ್ಕದ್ದು.

ಮಾರ್ಚ್ 31 ನಮ್ಮ ಲೆಕ್ಕದ ವರ್ಷ ಮುಗಿಯುವ ದಿನ. ಅದೇ ದಿನವನ್ನು ಜಗತ್ತಿನಲ್ಲಿ ಹಲವರು 2011ರಿಂದ 'ಬ್ಯಾಕಪ್ ದಿನ'ವಾಗಿ ಆಚರಿಸುತ್ತಿದ್ದಾರೆ. ಖಾತೆ ಮುಗಿಸಿದ ಸಂಜೆಯೇ ಹೊಸ ಪ್ರತಿ ತೆಗೆದು, ಅದರಿಂದ ಒಂದೆರಡು ಫೈಲು ತೆರೆದು ಪರೀಕ್ಷಿಸಿ. ಹಳೆಯ ಕಂಪ್ಯೂಟರು ಮೂಲೆಯಲ್ಲಿದ್ದರೆ, ಗುಜರಿಯವನು ಬರುವ ಮೊದಲು ಅದರ ಡಿಸ್ಕನ್ನು ಬಿಚ್ಚಿ, ಹೆಸರು, ತಾರೀಖು ಬರೆದ ಚೀಟಿ ಅಂಟಿಸಿ, ಒಣ ಬಟ್ಟೆಯಲ್ಲಿ ಸುತ್ತಿ ಎತ್ತಿಡಿ.

— ಕಾರ್ಯದರ್ಶಿ