ಮರುತರಬೇತಿಯ ಫಲವನ್ನು ಅಳೆಯುವ ಬಗೆ

ಕಾರ್ಖಾನೆ ಮುಚ್ಚಿದಾಗ ಕೆಲಸ ಕಳೆದುಕೊಳ್ಳುವ ಕಾರ್ಮಿಕರಿಗೆ ಮರುತರಬೇತಿ ನೀಡಬೇಕೆಂಬುದು ಸರ್ವಸಮ್ಮತ ವಿಚಾರ. ಆದರೆ ಅದರ ಪ್ರಯೋಜನವನ್ನು ತರಬೇತಿ ಪಡೆದವರ ಮತ್ತು ಕೆಲಸಕ್ಕೆ ಸೇರಿದವರ ಸಂಖ್ಯೆಯಿಂದಷ್ಟೇ ಅಳೆಯುವುದು ಸರಿಯಾದ ಲೆಕ್ಕವಲ್ಲ.

ಉದಾಹರಣೆಗೆ, ತಲಾ 12,000 ರೂ. ವೆಚ್ಚದಲ್ಲಿ 100 ಮಂದಿ ತರಬೇತಿ ಪಡೆದು, ವರ್ಷದೊಳಗೆ 60 ಮಂದಿ ಕೆಲಸಕ್ಕೆ ಸೇರಿದರೆಂದಿಟ್ಟುಕೊಳ್ಳಬಹುದು. ಅಂತಹುದೇ ವಯಸ್ಸು, ಅನುಭವವುಳ್ಳ, ಆದರೆ ತರಬೇತಿ ಪಡೆಯದ 100 ಮಂದಿಯಲ್ಲಿ 50 ಮಂದಿ ತಾವಾಗಿಯೇ ಕೆಲಸ ಕಂಡುಕೊಂಡಿದ್ದರೆ, ತರಬೇತಿಯ ಫಲ 10 ಉದ್ಯೋಗಗಳು ಮಾತ್ರ. ಆಗ ಒಂದು ಉದ್ಯೋಗಕ್ಕೆ ತಗುಲಿದ ವೆಚ್ಚ 20,000 ರೂ. ಅಲ್ಲ, 1,20,000 ರೂ.

ತರಬೇತಿಗೆ ಮುಂಚಿನ ಗಳಿಕೆಯೊಡನೆ ನಂತರದ ಗಳಿಕೆಯನ್ನು ಹೋಲಿಸುವುದರಲ್ಲೂ ದೋಷವಿದೆ. ತರಬೇತಿಗೆ ಸೇರುವವರ ಗಳಿಕೆ ಅದಕ್ಕೆ ತುಸು ಮುನ್ನವೇ ಕುಸಿದಿರುತ್ತದೆಂಬುದನ್ನು ಅರ್ಥಶಾಸ್ತ್ರಜ್ಞ ಆರ್ಲಿ ಆಶನ್‌ಫೆಲ್ಟರ್ 1978ರಲ್ಲಿ ತೋರಿಸಿದರು. ಆ ಕುಸಿತದಿಂದ ಸಹಜವಾಗಿ ಆಗುವ ಚೇತರಿಕೆಯೂ ತರಬೇತಿಯ ಖಾತೆಗೆ ಜಮೆಯಾಗುತ್ತದೆ.

ಈ ತೊಡಕನ್ನು ನೀಗಿಸಲು ಅಮೆರಿಕದಲ್ಲಿ 1980ರ ದಶಕದ ಉತ್ತರಾರ್ಧದಲ್ಲಿ ದೊಡ್ಡದೊಂದು ಪ್ರಯೋಗ ನಡೆಯಿತು. 1982ರ ಉದ್ಯೋಗ ತರಬೇತಿ ಸಹಭಾಗಿತ್ವ ಕಾಯ್ದೆಯಡಿ 16 ಸ್ಥಳಗಳಲ್ಲಿ ಸುಮಾರು 20,000 ಅರ್ಜಿದಾರರನ್ನು ಚೀಟಿ ಎತ್ತುವ ರೀತಿಯಲ್ಲಿ ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಕಾರ್ಯಕ್ರಮದ ಪ್ರವೇಶ ದೊರೆಯಿತು. ಇನ್ನೊಂದಕ್ಕೆ 18 ತಿಂಗಳು ದೊರೆಯಲಿಲ್ಲ. ವಯಸ್ಕರ ಗಳಿಕೆ ಸಾಧಾರಣ ಪ್ರಮಾಣದಲ್ಲಿ ಹೆಚ್ಚಿತು; ಶಾಲೆ ತೊರೆದ ಯುವಜನರಿಗೆ ಗಮನಾರ್ಹ ಲಾಭವಾಗಲಿಲ್ಲ. ಎಲ್ಲರಿಗೂ ಒಂದೇ ಬಗೆಯ ಫಲ ನಿರೀಕ್ಷಿಸಲಾಗದೆಂಬುದು ಇದರ ಪಾಠ.

ಭಾರತದಲ್ಲಿ 1992ರ ಫೆಬ್ರವರಿಯಲ್ಲಿ ಸ್ಥಾಪಿತವಾದ ರಾಷ್ಟ್ರೀಯ ನವೀಕರಣ ನಿಧಿಯ ಉದ್ದೇಶಗಳಲ್ಲಿ ಮರುತರಬೇತಿಯೂ ಸೇರಿತ್ತು. ಆದರೆ ಹಣದ ಬಹುಪಾಲು ಸಾರ್ವಜನಿಕ ಉದ್ದಿಮೆಗಳ ಸ್ವಯಂ ನಿವೃತ್ತಿ ಪರಿಹಾರಕ್ಕೆ ವಿನಿಯೋಗವಾಯಿತು. ಆದ್ದರಿಂದ ಯಾವ ಬಾಬಿಗೆ ಎಷ್ಟು ಖರ್ಚಾಯಿತೆಂಬುದನ್ನೂ ಪ್ರತ್ಯೇಕಿಸಿ ನೋಡುವುದು ಅವಶ್ಯ.

ಯಾವುದೇ ತರಬೇತಿ ಯೋಜನೆಗೆ ಕೈಜೋಡಿಸುವ ಮುನ್ನ ಉದ್ದಿಮೆದಾರರು ಕೇಳಬೇಕಾದ ಪ್ರಶ್ನೆಗಳಿವು:

1. ತರಬೇತಿ ಪಡೆಯದ ಸಮಾನ ಕಾರ್ಮಿಕರೊಡನೆ ಹೋಲಿಕೆ ನಡೆದಿದೆಯೇ?
2. ಒಂದೆರಡು ವರ್ಷಗಳ ನಂತರವೂ ಕೆಲಸ, ಗಳಿಕೆ ಉಳಿದಿವೆಯೇ?
3. ತರಬೇತಿಯ ಅವಧಿಯಲ್ಲಿ ಕಾರ್ಮಿಕ ಕಳೆದುಕೊಂಡ ಕೂಲಿ ವೆಚ್ಚದಲ್ಲಿ ಸೇರಿದೆಯೇ?
4. ಕಲಿಸುವ ಕಸುಬಿಗೆ ಆ ಊರಿನಲ್ಲಿ ಬೇಡಿಕೆಯಿದೆಯೇ?

ಕೆಲಸವಿಲ್ಲದ ಕಾರ್ಮಿಕನ ಆರು ತಿಂಗಳು ಬಹು ಬೆಲೆಯುಳ್ಳದ್ದು. ಫಲ ನೀಡದ ತರಬೇತಿಯಿಂದ ಸರ್ಕಾರದ ಹಣಕ್ಕಿಂತ ಹೆಚ್ಚಾಗಿ ಆತನ ಕಾಲವೇ ನಷ್ಟವಾಗುತ್ತದೆ.